ಕೊಟ್ಟಿಗೆಯ ಗೂಟದಲ್ಲಿದ್ದ ಕೊಂಬು

ಊದುವ ಹಿತ್ತಾಳೆ ಕೊಂಬನ್ನು ಕೊಟ್ಟಿಗೆಯಲ್ಲಿ ತೂಗುಹಾಕಬಾರದು ಎಂದು ನಮ್ಮ ತಾತ ಹೇಳುತ್ತಿದ್ದರು. ಮನೆಯವರು ಅದನ್ನು ಮಡಿ ಮೈಲಿಗೆಯ ಮಾತೆಂದೇ ತಿಳಿದಿದ್ದರು. ತಾತ ತೀರಿಕೊಂಡ ಮೇಲೆ ಊದುವವರಿಲ್ಲದೆ ಅದು ನಡುಮನೆಯಿಂದ ಕೊಟ್ಟಿಗೆಯ ಗೂಟಕ್ಕೆ ಹೋಯಿತು. ನಮ್ಮೂರು ಬಾಶೆಟ್ಟಿಹಳ್ಳಿಯ ಸುತ್ತ ಹೊಲಗಳು ಕೈಗಾರಿಕಾ ಪ್ರದೇಶವಾಗಿ, ದನಗಳೂ ಹೋಗಿ, ಕೊಟ್ಟಿಗೆ ಕೆಡವುವಾಗ ಮತ್ತೆ ಕೈಗೆ ಸಿಕ್ಕಿತು.

ಮೈಯೆಲ್ಲ ಕಪ್ಪಗಾಗಿತ್ತು. ಎರಡು ತುಂಡು ಸೇರುವ ಕಡೆ ಹಸಿರು ಕಿಲುಬು ಗಟ್ಟಿಯಾಗಿ ಕೂತಿತ್ತು. ಬಾಗಿನ ಒಳಮಗ್ಗುಲನ್ನು ಬಿಸಿಲಿಗೆ ಹಿಡಿದು ನೋಡಿದರೆ ಕೂದಲೆಳೆಯಂಥ ಸೀಳುಗಳು. ಬಿದ್ದು ಒಡೆದ ಗುರುತಲ್ಲ ಅದು.

ಇಂಥದೇ ಸೀಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಹಿಂದೂಸ್ತಾನದಲ್ಲಿದ್ದ ಬ್ರಿಟಿಷ್ ಸೈನ್ಯವೂ ಕಂಡಿತ್ತು. ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟ ಹಿತ್ತಾಳೆ ತೋಟಾಗಳು ತಾವಾಗಿಯೇ ಬಿರುಕು ಬಿಡುತ್ತಿದ್ದವು. ಕಾರಣ ಸ್ಪಷ್ಟವಾಗಿದ್ದು 1921ರಲ್ಲಿ. ತಣ್ಣಗಿರುವಾಗ ಬಡಿದು ಎಳೆದ ಹಿತ್ತಾಳೆ ಒಳಗೊಳಗೇ ಬಿಗಿದುಕೊಂಡಿರುತ್ತದೆ. ಗಂಜಲದಿಂದೇಳುವ ಅಮೋನಿಯಾ ತೇವದ ಜೊತೆ ಸೇರಿ ತಾಗಿದರೆ, ಆ ಬಿಗಿ ಇರುವ ಕಡೆಯೇ ಸೀಳುತ್ತದೆ. ತಾತನಿಗೆ ಅಮೋನಿಯಾ ಗೊತ್ತಿರಲಿಲ್ಲ, ಕೊಟ್ಟಿಗೆ ಗೊತ್ತಿತ್ತು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ವರ್ಷ ವರ್ಷವೂ ಹೋಗಿಬರುತ್ತಿದ್ದ ಮನುಷ್ಯ. ಆ ಮಾತಿನ ಹಿಂದೆ ಎಷ್ಟು ತಲೆಮಾರಿನ ಕಣ್ಣಿತ್ತೋ ಎಂದು ನೆನೆದಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಈ ವಾದ್ಯದ ಹಿರಿತನ ಸಣ್ಣದಲ್ಲ. ನಮ್ಮ ಶಾಸನಗಳಲ್ಲಿ ಸಾಮಂತರ ಬಿರುದಾವಳಿಗೆ ಮೊದಲು ಬರುವುದೇ ‘ಸಮಧಿಗತ ಪಂಚಮಹಾಶಬ್ದ’. ಐದು ವಾದ್ಯ ನುಡಿಸಿಕೊಳ್ಳುವ ಗೌರವ ಪಡೆದವನು ಎಂದರ್ಥ. ನಿಜಗುಣ ಶಿವಯೋಗಿಗಳ ‘ವಿವೇಕಚಿಂತಾಮಣಿ’ ಆ ಐದನ್ನು ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ ಎಂದು ಹೆಸರಿಸುತ್ತದೆ. ಶೃಂಗವೆಂದರೆ ಕೊಂಬೇ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಶಾರ್ಙ್ಗದೇವ ‘ಸಂಗೀತರತ್ನಾಕರ’ದಲ್ಲಿ ಇದರ ಬಂಧು ಕಾಹಳೆಯನ್ನು ಬಣ್ಣಿಸಿದ್ದಾನೆ: ತಾಮ್ರ, ಬೆಳ್ಳಿ ಇಲ್ಲವೇ ಚಿನ್ನದ್ದು, ಮೂರು ಮೊಳ ಉದ್ದ, ಬಾಯಿ ದತ್ತೂರಿ ಹೂವಿನಂತೆ.

ರಿಪೇರಿಗೆಂದು ಹೋದಾಗ ಹಳೆಯ ಕಂಚುಗಾರರೊಬ್ಬರು ನಾನು ಕೇಳುವ ಮೊದಲೇ ಹೇಳಿದರು: “ಇದಕ್ಕೆ ಹುಣಸೇಹಣ್ಣು ಮುಟ್ಟಿಸ್ಬೇಡಿ ಸ್ವಾಮಿ, ಮೊದ್ಲು ಬೆಂಕಿ ತೋರಿಸ್ಬೇಕು.” ಬಿಂದಿಗೆಗಾದರೆ ಹುಣಸೇಹಣ್ಣು, ಉಪ್ಪು ಹಾಕಿ ಉಜ್ಜಿ ತೊಳೆದರಾಯಿತು. ಕೊಂಬಿನಲ್ಲಿ ಹುಳಿ ಸೀಳಿನೊಳಗೆ, ಬೆಸುಗೆಯೊಳಗೆ ಇಳಿದು ಕೂರುತ್ತದೆ, ತೊಳೆದರೂ ಬರುವುದಿಲ್ಲ. ಅವರು ಇದ್ದಿಲ ಮೇಲೆ ಕೊಂಬನ್ನು ತಿರುಗಿಸುತ್ತ ಹದವಾಗಿ ಕಾಯಿಸಿದರು, ಕೆಂಪಗಾಗಲು ಬಿಡಲಿಲ್ಲ. ಒಳಗಿನ ಬಿಗಿ ಸಡಿಲಾಗುವುದು ಅಷ್ಟರಲ್ಲೇ ಅಂತೆ. ಆಮೇಲೆ ಸೀಳಿನ ಮೇಲೆ ತೆಳು ತಗಡಿಟ್ಟು, ಬಿಳಿಗಾರ ಹಾಕಿ ಬೆಸೆದರು. ಹಸಿರು ಕಿಲುಬನ್ನು ಬಿದಿರಿನ ಕಡ್ಡಿಯಿಂದ ಕೆರೆದು ತೆಗೆದರು. ಕಪ್ಪನ್ನು ಹಾಗೇ ಬಿಟ್ಟರು. ಆ ಕಪ್ಪು ಹಿತ್ತಾಳೆಗೆ ಹೊದಿಕೆ, ಹಸಿರು ಮಾತ್ರ ರೋಗ.

ಬಫಿಂಗ್ ಮಾಡಿಸಿದರೆ ಬಂಗಾರದಂತಾಗುತ್ತದೆ ಎಂದವರಿದ್ದಾರೆ. ನಾನು ಒಪ್ಪಲಿಲ್ಲ. ಬೆರಳಾಡಿಸಿದರೆ ಸುತ್ತಿಗೆ ಏಟಿನ ಸಣ್ಣ ಸಣ್ಣ ತಗ್ಗುಗಳು ಸಾಲಾಗಿ ಸಿಗುತ್ತವೆ. ಮಾಡಿದವನ ಹೆಸರು ಎಲ್ಲೂ ಇಲ್ಲ, ಅವನ ಕೈ ಉಳಿದಿರುವುದು ಅಲ್ಲಿ ಮಾತ್ರ. ಮಿಷನ್ನು ಮೊದಲು ತಿನ್ನುವುದು ಅದನ್ನೇ.

ಎರಡು ತುಂಡು ಸೇರುವ ಕಡೆ ಜೇನುಮೇಣ ಸವರಿದ್ದೇವೆ, ಉಸಿರು ಸೋರುವುದು ನಿಂತಿದೆ. ಕೊಂಬಿಗೆ ತೂತುಗಳಿಲ್ಲ, ಸ್ವರವೆಲ್ಲ ತುಟಿಯ ಬಿಗಿಯಲ್ಲೇ ಹುಟ್ಟಬೇಕು. ನನ್ನ ತಮ್ಮನ ಮಗ ಕಲಿಯುತ್ತಿದ್ದಾನೆ. ಷಡ್ಜ, ಪಂಚಮ, ಮೇಲಿನ ಷಡ್ಜ ಹಿಡಿಯುತ್ತಾನೆ, ಅದರಾಚೆ ಇನ್ನೂ ತುಟಿ ಬಗ್ಗಿಲ್ಲ. ಊದಿದ ಮೇಲೆ ಎಂಜಲು ನೀರು ಬಸಿದು, ಬಟ್ಟೆಯಲ್ಲಿ ಒರೆಸಿ, ನಡುಮನೆಯ ಗೋಡೆಗೆ ಬಾಯಿ ಕೆಳಗಾಗಿ ತೂಗುಹಾಕುವುದನ್ನು ಮಾತ್ರ ಮೊದಲ ದಿನವೇ ಕಲಿಸಿದ್ದೇನೆ.