ಬ್ಯಾಟರಿ ಎಲ್ಲಿರುತ್ತಿತ್ತು?

ಕಳೆದ ಮುಂಗಾರಿಗೆ ಮುಂಚೆ ಅಮ್ಮನಿಗೊಂದು ಬ್ಯಾಟರಿ ಕೊಳ್ಳೋಣವೆಂದು ಚಳ್ಳಕೆರೆಯ ಅಂಗಡಿಯೊಂದಕ್ಕೆ ಹೋಗಿದ್ದೆ. ಪೇಟೆಯವರು ಟಾರ್ಚು ಎನ್ನುತ್ತಾರೆ. ನಮ್ಮ ಹಳ್ಳಿಗಳಲ್ಲಿ ಅದು ಬ್ಯಾಟರಿ. ಅದರೊಳಗೆ ಹಾಕುವುದು ಶೆಲ್ಲು. ಅಂಗಡಿಯ ಹುಡುಗ ಏಳೆಂಟು ಬ್ಯಾಟರಿಗಳನ್ನು ಸಾಲಾಗಿ ಇಟ್ಟ. ಎಲ್ಲಕ್ಕಿಂತ ದಪ್ಪನೆಯದನ್ನು ಕೈಗೆ ಕೊಟ್ಟು, "ಇದನ್ನೇ ತಗೊಳ್ಳಿ ಮೇಡಂ, ಒಂದು ಕಿಲೋಮೀಟ್ರು ಬೀಳುತ್ತೆ" ಎಂದ.

"ನಮ್ಮಮ್ಮನಿಗೆ ಎಂಬತ್ತು ದಾಟಿದೆ ಕಣಪ್ಪ. ಒಂದು ಕಿಲೋಮೀಟರು ಆಚೆ ಏನು ನೋಡಬೇಕು ಅವಳು? ಕಾಲ ಮುಂದೆ ಏನಿದೆ ಅಂತ ಕಂಡರೆ ಸಾಕು" ಎಂದೆ.

ಹುಡುಗ ನಕ್ಕ. ನಾನೂ ನಗಬೇಕೆಂದಿದ್ದೆ, ಆಗಲಿಲ್ಲ. ಆ ಮಾತು ನನ್ನ ಬಾಯಿಂದ ಬಂದದ್ದು ಸುಮ್ಮನೆ ಅಲ್ಲ ಎಂದು ನನಗೆ ಗೊತ್ತಿತ್ತು.

ನಮ್ಮೂರು ಮೊಳಕಾಲ್ಮೂರು ತಾಲ್ಲೂಕಿನಲ್ಲಿ. ಕಲ್ಲುಗುಡ್ಡ, ಜಾಲಿ, ಮಳೆ ಬಂದರೆ ಶೇಂಗಾ, ಬಾರದಿದ್ದರೆ ಬರೀ ಆಕಾಶ. ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಗೆ ಕರೆಂಟು ಬಂದಿರಲಿಲ್ಲ. ಒಳಗೆ ಸೀಮೆಎಣ್ಣೆ ಬುಡ್ಡಿ, ನೆಂಟರು ಬಂದರೆ ಲಾಟೀನು. ಇವೆರಡನ್ನೂ ಮೀರಿದ ಒಂದು ವಸ್ತು ನಮ್ಮ ಮನೆಯಲ್ಲಿತ್ತು. ಅದು ಅಪ್ಪನ ಹಿತ್ತಾಳೆ ಬ್ಯಾಟರಿ. ಮೂರು ಶೆಲ್ಲಿನದು. ಕೆಂಪು ಶೆಲ್ಲಿನ ಮೇಲೆ ಒಂಬತ್ತರ ಅಂಕಿಯೊಳಗಿಂದ ಜಿಗಿಯುವ ಬೆಕ್ಕಿನ ಚಿತ್ರ. ಶೆಲ್ಲು ಸೋತಾಗ ಬಿಸಿಲಿಗಿಟ್ಟು ಮತ್ತೆರಡು ರಾತ್ರಿ ದುಡಿಸುತ್ತಿದ್ದೆವು. ಪೂರ್ತಿ ಸತ್ತ ಶೆಲ್ಲನ್ನು ಶಾಲೆಗೆ ಒಯ್ದು ಜಜ್ಜಿ, ಒಳಗಿನ ಮಸಿಯನ್ನು ಸೊಪ್ಪಿನ ರಸದಲ್ಲಿ ಅರೆದು ಕಪ್ಪು ಹಲಗೆಗೆ ಬಳಿಯುತ್ತಿದ್ದೆವು. ಆ ಪುಡಿಯಲ್ಲಿ ಮ್ಯಾಂಗನೀಸ್ ಇರುತ್ತದೆ, ಮಕ್ಕಳು ಮುಟ್ಟಬಾರದು ಎಂದು ನಾನು ತಿಳಿದದ್ದು ಟೀಚರಾದ ಮೇಲೆ.

ಆ ಬ್ಯಾಟರಿಯ ತಲೆಯನ್ನು ತಿರುಗಿಸಿದರೆ ಬೆಳಕು ಸಣ್ಣದಾಗಿ ದೂರ ಹೋಗುತ್ತಿತ್ತು. ಇನ್ನೊಂದು ಕಡೆ ತಿರುಗಿಸಿದರೆ ಅಗಲವಾಗಿ ಹತ್ತಿರದಲ್ಲೇ ಹರಡುತ್ತಿತ್ತು. ಅಪ್ಪ ಅದನ್ನು ಸದಾ ದೂರಕ್ಕೇ ತಿರುಗಿಸಿ ಇಟ್ಟಿರುತ್ತಿದ್ದರು. ರಾತ್ರಿ ಹೊಲದಲ್ಲಿ ಹಂದಿ ಕಾಯುವವರಿಗೆ ಬೇಕಾದದ್ದು ಅದೇ. ಮನೆಗೆ ಬಂದರೆ ಬ್ಯಾಟರಿ ಅವರ ದಿಂಬಿನ ಅಡಿಗೆ ಹೋಗುತ್ತಿತ್ತು. ಅದನ್ನು ಮುಟ್ಟಬಾರದೆಂದು ಯಾರೂ ಹೇಳಿರಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ.

ಆಗ ಹೆಂಗಸರು ಹೊರಕಡೆಗೆ ಹೋಗುತ್ತಿದ್ದದ್ದು ಕೋಳಿ ಕೂಗುವ ಮುಂಚೆ, ಇಲ್ಲವೇ ಊರೆಲ್ಲ ಮಲಗಿದ ಮೇಲೆ. ಓದುವ ಅನೇಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚೊಂಬು ಹಿಡಿದು ಇಬ್ಬರು ಮೂವರು ಕೂಡಿ ಹೋಗುವುದು, ಕಾಲನ್ನು ನೆಲಕ್ಕೆ ಕುಟ್ಟುತ್ತ, ಕೆಮ್ಮುತ್ತ, ಬಳೆ ಸದ್ದು ಮಾಡುತ್ತ ನಡೆಯುವುದು. ಬುಡ್ಡಿ ಒಯ್ದರೆ ಗಾಳಿಗೆ ಆರುತ್ತದೆ. ಆರದಿದ್ದರೂ ದೀಪದ ಬುಡದಲ್ಲಿ ಕತ್ತಲೆಯೇ. ಹಿಡಿದವಳ ಮುಖ ಊರಿಗೆಲ್ಲ ಕಾಣುತ್ತದೆ, ಅವಳ ಕಾಲು ಅವಳಿಗೆ ಕಾಣುವುದಿಲ್ಲ. ಬ್ಯಾಟರಿಯ ಬೆಳಕೆಂದರಂತೂ ಹೆಂಗಸರಿಗೆ ಭಯ. ದೂರದ ಬದುವಿನ ಮೇಲಿಂದ ಯಾರೋ ಬಿಟ್ಟ ಬೆಳಕು ಜಾಲಿಯ ಬೇಲಿಯತ್ತ ಬಂತೆಂದರೆ ಎಲ್ಲರೂ ತಟ್ಟನೆ ಎದ್ದು ನಿಲ್ಲಬೇಕು. ಹೀಗಾಗಿ ಬೆಳಕು ನಮ್ಮನ್ನು ತೋರಿಸುವ ವಸ್ತುವಾಗಿತ್ತೇ ಹೊರತು ನಮಗೆ ತೋರಿಸುವ ವಸ್ತುವಾಗಿರಲಿಲ್ಲ.

1979ರ ಮಳೆಗಾಲ. ನಮ್ಮ ಚಿಕ್ಕಮ್ಮ, ಅಂದರೆ ಚಿಕ್ಕಪ್ಪನ ಹೆಂಡತಿ, ಹೊಟ್ಟೆ ಕೆಟ್ಟು ನಡುರಾತ್ರಿ ಒಬ್ಬಳೇ ಎದ್ದು ಹೋದಳು. ಬ್ಯಾಟರಿ ಕೇಳಬೇಕೆಂದರೆ ಭಾವನನ್ನು ಎಬ್ಬಿಸಬೇಕು. ಎಲ್ಲಿಗೆ ಎಂದರೆ ಹೇಳಬೇಕು. ಅದಕ್ಕಿಂತ ಕತ್ತಲೆಯೇ ವಾಸಿ ಎಂದುಕೊಂಡಿರಬೇಕು. ಹಿತ್ತಲ ಕಲ್ಲುಗೋಡೆಯ ಹತ್ತಿರ ಮಂಡಲದ ಹಾವು ಕಡಿಯಿತು. ಅದು ನಾಗರಹಾವಿನಂತೆ ಹೆಡೆ ಎತ್ತುವುದಿಲ್ಲ, ಕಾಲ ಸಪ್ಪಳಕ್ಕೆ ಓಡಿಹೋಗುವುದೂ ಕಡಿಮೆ. ತರಗೆಲೆಯ ಬಣ್ಣದಲ್ಲಿ ಬಿದ್ದಲ್ಲೇ ಬಿದ್ದಿರುತ್ತದೆ. ಚಿಕ್ಕಮ್ಮನ ಕೂಗಿಗೆ ಮನೆಯೆಲ್ಲ ಎದ್ದಿತು. ಆಗ ಬ್ಯಾಟರಿ ಹೊರಗೆ ಬಂತು. ಅಪ್ಪ ಹಾವು ಹುಡುಕಿದರು. ಗಾಡಿ ಕಟ್ಟಿ ಪೇಟೆಯ ಆಸ್ಪತ್ರೆಗೆ ಹೊರಟರು. ದಾರಿಯಲ್ಲೇ ಚಿಕ್ಕಮ್ಮನಿಗೆ ಒಸಡಿನಲ್ಲಿ ರಕ್ತ ಒಸರತೊಡಗಿತಂತೆ. ಮೂರನೆಯ ದಿನ ಹೋಗಿಬಿಟ್ಟಳು. ಅವಳಿಗಾಗ ಇಪ್ಪತ್ತನಾಲ್ಕೋ ಇಪ್ಪತ್ತೈದೋ.

ತಿಥಿ ಮುಗಿದ ರಾತ್ರಿ ಅಮ್ಮ ಎದ್ದಳು. ಮಲಗಿದ್ದ ಅಪ್ಪನ ದಿಂಬಿನ ಅಡಿಗೆ ಕೈ ಹಾಕಿ ಬ್ಯಾಟರಿ ತೆಗೆದುಕೊಂಡಳು. ಅಪ್ಪನಿಗೆ ಎಚ್ಚರವಾಗಿದ್ದು ನನಗೆ ಗೊತ್ತು, ನಾನೂ ಎಚ್ಚರವಾಗಿದ್ದೆ. ಅವರು ಏನೂ ಕೇಳಲಿಲ್ಲ. ಮರುದಿನ ಹಿತ್ತಲ ಬಾಗಿಲ ಪಕ್ಕದ ಗೋಡೆಗೆ ಅಮ್ಮ ಒಂದು ಮೊಳೆ ಹೊಡೆದು ಬ್ಯಾಟರಿಯನ್ನು ಅಲ್ಲಿ ತೂಗುಹಾಕಿದಳು. ಅದರ ತಲೆಯನ್ನು ಅಗಲ ಬೆಳಕಿಗೆ ತಿರುಗಿಸಿದ್ದಳು. ಅಪ್ಪ ಹೊಲಕ್ಕೆ ಹೋಗುವಾಗ ದೂರಕ್ಕೆ ತಿರುಗಿಸಿಕೊಳ್ಳುತ್ತಿದ್ದರು, ವಾಪಸು ತಂದು ಮೊಳೆಗೆ ಹಾಕುತ್ತಿದ್ದರು.

ಮುಂದೆ ನಾನು ಓದಿ ಇತಿಹಾಸ ಕಲಿಸುವ ಟೀಚರಾದೆ. ದಂಡಯಾತ್ರೆಗಳನ್ನೂ ಒಪ್ಪಂದಗಳನ್ನೂ ಕಲಿಸುತ್ತ ಕಲಿಸುತ್ತ, ನಮ್ಮ ಮನೆಯ ಮೊಳೆಗೆ ನೇತುಬಿದ್ದಿದ್ದ ಆ ವಸ್ತುವಿಗೂ ಒಂದು ಇತಿಹಾಸ ಇರಬೇಕಲ್ಲ ಎನಿಸಿ ಹುಡುಕಿದೆ. ಒದ್ದೆ ದ್ರಾವಣ ತುಂಬಿದ ಗಾಜಿನ ಪಾತ್ರೆಯ ಬದಲು ಚೆಲ್ಲದ ಒಣ ಶೆಲ್ಲನ್ನು ಜರ್ಮನಿಯ ಕಾರ್ಲ್ ಗಾಸ್ನರ್ 1880ರ ದಶಕದಲ್ಲಿ ಮಾಡಿದ. ಅಮೆರಿಕದಲ್ಲಿ ಡೇವಿಡ್ ಮಿಸೆಲ್ ಎಂಬಾತ ಅಂಥ ಶೆಲ್ಲುಗಳನ್ನು ಕೊಳವೆಯಲ್ಲಿ ಒಂದರ ಹಿಂದೆ ಒಂದು ಇಟ್ಟು ತುದಿಗೆ ಬಲ್ಬು ಸೇರಿಸಿ 1899ರ ಜನವರಿಯಲ್ಲಿ ಹಕ್ಕು ಪಡೆದ. ರಷ್ಯಾದಿಂದ ವಲಸೆ ಬಂದಿದ್ದ ಕಾನ್ರಾಡ್ ಹ್ಯೂಬರ್ಟ್ ಅದನ್ನು ವ್ಯಾಪಾರಕ್ಕೆ ಇಳಿಸಿದ. ಮೊದಮೊದಲ ಟಾರ್ಚುಗಳನ್ನು ನ್ಯೂಯಾರ್ಕಿನ ಪೊಲೀಸರಿಗೆ ಕೊಟ್ಟಿದ್ದರಂತೆ. ಶೆಲ್ಲಿಗೆ ಶಕ್ತಿ ಸಾಲದೆ ಬೆಳಕು ಮಿಂಚಿ ಆರುತ್ತಿದ್ದುದರಿಂದಲೇ ಅಲ್ಲಿ ಅದಕ್ಕೆ ಫ್ಲ್ಯಾಷ್‌ಲೈಟ್ ಎಂಬ ಹೆಸರು ಬಂತು. ಅಂದರೆ ಹುಟ್ಟಿದಂದಿನಿಂದಲೇ ಅದು ಕಾವಲುಗಾರನ ಕೈಯ ವಸ್ತು.

1905ರಲ್ಲಿ ಬೆಂಗಳೂರಿಗೆ ಶಿವನಸಮುದ್ರದ ವಿದ್ಯುತ್ತು ಬಂದು ಬೀದಿದೀಪ ಹೊತ್ತಿತೆಂದು ಮಕ್ಕಳಿಗೆ ಪಾಠ ಮಾಡುತ್ತೇವೆ. ಅದೇ ವರ್ಷ ಎವರೆಡಿ ಶೆಲ್ಲುಗಳು ಹಡಗಿನಲ್ಲಿ ಭಾರತಕ್ಕೆ ಬರತೊಡಗಿದ್ದವು. 1934ರಲ್ಲಿ ಕಲ್ಕತ್ತೆಯಲ್ಲಿ ಆ ಕಂಪನಿ ಸ್ಥಾಪನೆಯಾಯಿತು. 1958ರಲ್ಲಿ ಲಕ್ನೋದಲ್ಲಿ ಟಾರ್ಚು ತಯಾರಿಸುವ ಕಾರ್ಖಾನೆ ಆಯಿತು. ಕಂಬ, ತಂತಿ, ಅರ್ಜಿ ಏನೂ ಬೇಡದ ಬೆಳಕು ಸಂತೆಯ ಅಂಗಡಿಯಿಂದ ನಮ್ಮಂಥ ಊರುಗಳಿಗೆ ನಡೆದು ಬಂತು. ಆ ಕಂಪನಿಯೇ ಯೂನಿಯನ್ ಕಾರ್ಬೈಡ್ ಇಂಡಿಯಾ ಎಂಬ ಹೆಸರಿನಲ್ಲಿ ಕೀಟನಾಶಕವನ್ನೂ ತಯಾರಿಸಿತು. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲಿನ ಅದರ ಕಾರ್ಖಾನೆಯಿಂದ ವಿಷಾನಿಲ ಹೊರಬಿದ್ದು ಮಲಗಿದ್ದ ಸಾವಿರಾರು ಜನ ಸತ್ತರು. 1990ರ ದಶಕದಲ್ಲಿ ಶೆಲ್ಲಿನ ವ್ಯಾಪಾರ ಬೇರೆ ಕೈಗೆ ಹೋಯಿತು. ಹಳ್ಳಿ ಹಳ್ಳಿಗೆ ಬೆಳಕು ಕೊಟ್ಟ ಹೆಸರೂ ಆ ರಾತ್ರಿಯ ಕತ್ತಲೆಯೂ ಒಂದೇ ಮನೆಯವು ಎಂದು ಕಲಿಸುವಾಗ ತರಗತಿ ಸುಮ್ಮನಾಗುತ್ತದೆ.

ಬೆಳಕಿನ ಬಗ್ಗೆ ನನಗೆ ಇನ್ನೊಂದು ಪಾಠ ಹೇಳಿದ್ದು ಅಶೋಕನ ಶಾಸನಗಳು. ನಮ್ಮ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಬಂಡೆಗಳ ಮೇಲೆ ಅಶೋಕ ಬರೆಸಿದ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವುಗಳನ್ನು ಬೆಳಕಿಗೆ ತಂದರು. ಜಟಿಂಗ ರಾಮೇಶ್ವರದ ಬಂಡೆಗೆ ಬಳೆಗಾರರ ಗುಂಡು ಎಂದೇ ಹೆಸರು. ಜಾತ್ರೆಯಲ್ಲಿ ಬಳೆಗಾರರು ಅಲ್ಲೇ ಅಂಗಡಿ ಹೂಡುತ್ತಿದ್ದರು. ಸವೆದ ಆ ಅಕ್ಷರಗಳನ್ನು ಮಕ್ಕಳಿಗೆ ತೋರಿಸಲು ಒಮ್ಮೆ ಬ್ಯಾಟರಿ ಒಯ್ದಿದ್ದೆ. ನೆರಳಿನಲ್ಲಿ ನಿಂತು ಎದುರಿನಿಂದ ಬೆಳಕು ಬಿಟ್ಟರೆ ಕಲ್ಲು ಬೆಳ್ಳಗಾಯಿತೇ ಹೊರತು ಅಕ್ಷರ ಕಾಣಲಿಲ್ಲ. ಬ್ಯಾಟರಿಯನ್ನು ಪಕ್ಕಕ್ಕೆ ಒಯ್ದು ಕಲ್ಲಿಗೆ ತಾಗಿದಂತೆ ಓರೆಯಾಗಿ ಹಿಡಿದಾಗ ಪ್ರತಿ ಗೀರಿನಲ್ಲೂ ನೆರಳು ತುಂಬಿ ಬ್ರಾಹ್ಮಿ ಅಕ್ಷರಗಳು ಎದ್ದು ಬಂದವು. ಮಕ್ಕಳು ಓ ಎಂದು ಕೂಗಿದರು. ಬೆಳಕು ಎಷ್ಟಿದೆ ಎನ್ನುವುದಕ್ಕಿಂತ ಅದನ್ನು ಎಲ್ಲಿಂದ ಎಲ್ಲಿಗೆ ಹಿಡಿಯುತ್ತೇವೆ ಎನ್ನುವುದೇ ಮುಖ್ಯ ಎಂದು ಅಂದು ನನಗೂ ತಿಳಿಯಿತು.

ಆಮೇಲೆ ಒಂಬತ್ತನೆಯ ತರಗತಿಗೆ ಒಂದು ಮನೆಗೆಲಸ ಕೊಟ್ಟೆ: "ನಿಮ್ಮ ಅಜ್ಜಿ ಸಣ್ಣವಳಿದ್ದಾಗ ಮನೆಯ ಬ್ಯಾಟರಿ ಎಲ್ಲಿರುತ್ತಿತ್ತು, ಕೇಳಿ ಬರೆದುಕೊಂಡು ಬನ್ನಿ." ತಾತನ ಮಂಚದ ಪಕ್ಕ, ಅಪ್ಪನ ತಲೆದೆಸೆಯಲ್ಲಿ, ಗೌಡರ ಮನೆಯಲ್ಲಿ ಮಾತ್ರ ಇತ್ತು. ಹೆಚ್ಚಿನವರ ಉತ್ತರ ಇಷ್ಟೇ. ಒಬ್ಬ ಹುಡುಗಿ, "ನಮ್ಮಜ್ಜಿ ಹೆರಿಗೆ ಮಾಡಿಸಲು ಹೋಗುತ್ತಿದ್ದಳು, ಆ ರಾತ್ರಿ ಮಾತ್ರ ಬ್ಯಾಟರಿ ಅವಳ ಕೈಗೆ ಕೊಡುತ್ತಿದ್ದರಂತೆ" ಎಂದು ಬರೆದಿದ್ದಳು. ಯಾವ ಪಠ್ಯಪುಸ್ತಕದಲ್ಲೂ ನನಗೆ ಸಿಗದ ಸಾಲು ಅದು.

ಈಗ ಅಂಗಡಿಗೆ ಮರಳುತ್ತೇನೆ. ಬ್ಯಾಟರಿ ಕೊಳ್ಳುವ ಅಕ್ಕತಂಗಿಯರಿಗೆ ನಾನು ಕಲಿತ ನಾಲ್ಕು ಮಾತು ಹೇಳಿಬಿಡುತ್ತೇನೆ.

ಡಬ್ಬಿಯ ಮೇಲೆ ಲುಮೆನ್ ಎಂದು ಬರೆದಿರುತ್ತದೆ. ಅದು ಬ್ಯಾಟರಿ ಒಟ್ಟು ಎಷ್ಟು ಬೆಳಕು ಹೊರಚೆಲ್ಲುತ್ತದೆ ಎಂಬ ಲೆಕ್ಕ. ಎಲ್ಲಿ ಬೀಳುತ್ತದೆ ಎಂಬುದಲ್ಲ. ಇಷ್ಟು ಮೀಟರು ದೂರ ಎಂದೂ ಬರೆದಿರುತ್ತದೆ. ಅಮೆರಿಕದವರು 2009ರಲ್ಲಿ ಮಾಡಿದ ಅಳತೆಯ ಪ್ರಕಾರ ಆ ದೂರದಲ್ಲಿ ಉಳಿಯುವುದು ಹುಣ್ಣಿಮೆಯ ಬೆಳದಿಂಗಳಷ್ಟು ಬೆಳಕು ಮಾತ್ರ. ಅಲ್ಲಿ ಬಿದ್ದಿರುವ ಹಾವು ಹಗ್ಗದಂತೆಯೂ ಕಾಣಲಾರದು.

ಬೆಳಕನ್ನು ಅಗಲ ಮಾಡಿದರೆ ಅದು ತೆಳುವಾಗುತ್ತದೆ. ಬೆಳಕಿನ ವೃತ್ತದ ಅಡ್ಡಗಲ ಎರಡರಷ್ಟಾದರೆ ಅದರೊಳಗಿನ ಬೆಳಕು ಕಾಲು ಭಾಗವಾಗುತ್ತದೆ. ದೋಸೆ ಹಿಟ್ಟನ್ನು ಕಾವಲಿಯ ಮೇಲೆ ಎಳೆದ ಹಾಗೆ. ಅದಕ್ಕೇ ಅಗಲಕ್ಕೆ ತಿರುಗಿಸಿದಾಗಲೂ ಸಾಕಷ್ಟು ಬೆಳಕು ಉಳಿಯುವಂಥದ್ದು ಬೇಕು. ಹಳೆಯ ಬ್ಯಾಟರಿಯಲ್ಲಿ ತಲೆ ತಿರುಗಿಸಿದರೆ ಹೊಳೆಯುವ ಬಟ್ಟಲಿನೊಳಗೆ ಬಲ್ಬಿನ ಜಾಗ ಬದಲಾಗುತ್ತಿತ್ತು. ಬಟ್ಟಲಿನ ನಾಭಿಯಲ್ಲಿ ಬಲ್ಬು ನಿಂತರೆ ಕಿರಣ ನೇರ ದೂರಕ್ಕೆ, ಜರುಗಿದರೆ ಅಗಲಕ್ಕೆ. ಈಗಿನ ಹಲವು ಬ್ಯಾಟರಿಗಳಲ್ಲಿ ಎಲ್‌ಇಡಿ ಮುಂದಿನ ಮಸೂರವನ್ನು ಹಿಂದೆ ಮುಂದೆ ಎಳೆಯುತ್ತಾರೆ. ಈ ಬಿಳಿಯ ಎಲ್‌ಇಡಿಗೆ ದಾರಿಯಾದ ನೀಲಿ ದೀಪಕ್ಕಾಗಿ ಜಪಾನಿನಲ್ಲಿ ಹುಟ್ಟಿದ ಮೂವರು ವಿಜ್ಞಾನಿಗಳಿಗೆ 2014ರ ನೊಬೆಲ್ ಬಂತು.

ಅಂಗಡಿಯ ಹೊರಗೆ ಆಕಾಶಕ್ಕೆ ಬಿಟ್ಟು ನೋಡಬೇಡಿ. ಒಳಗಿನ ಕತ್ತಲ ಮೂಲೆಗೆ ಹೋಗಿ ನಿಮ್ಮ ಕಾಲ ಮುಂದೆ ಬಿಟ್ಟು ನೋಡಿ. ಮೂರು ಹೆಜ್ಜೆಯಷ್ಟು ನೆಲ, ನಡುವೆ ಕಪ್ಪು ಕಲೆಯಿಲ್ಲದೆ, ಒಂದೇ ಸಮನಾಗಿ ಕಂಡರೆ ಅದು ನಿಮ್ಮದು. ಇನ್ನೊಂದು ಕೈಯಲ್ಲಿ ಕೋಲಿದ್ದರೂ ಒಂದೇ ಕೈಯಲ್ಲಿ ಹೊತ್ತಿಸಲು ಬರಬೇಕು. ಗುಂಡಿ ಕತ್ತಲಲ್ಲಿ ಬೆರಳಿಗೆ ಸಿಗಬೇಕು. ಚಾರ್ಜು ಮಾಡುವುದಾದರೆ ಕರೆಂಟು ಹೋಗುವ ಊರಿಗೆ ಮೊದಲೇ ತುಂಬಿಟ್ಟಿರಬೇಕು; ಶೆಲ್ಲಿನದಾದರೆ ತಿಂಗಳುಗಟ್ಟಲೆ ಬಳಸದಾಗ ಶೆಲ್ಲು ತೆಗೆದಿಡಬೇಕು, ಇಲ್ಲದಿದ್ದರೆ ಅದು ನೀರುಬಿಟ್ಟು ಒಳಗನ್ನೆಲ್ಲ ತಿಂದುಹಾಕುತ್ತದೆ.

ಇಷ್ಟೆಲ್ಲ ಯಾಕೆ ಎನ್ನಬೇಡಿ. 2020ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ 58,000. ಅದರಲ್ಲಿ ಅರ್ಧ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಕರ್ನಾಟಕ ಸರ್ಕಾರ 2024ರಲ್ಲಿ ಪ್ರತಿ ಹಾವು ಕಡಿತವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ಆದೇಶಿಸಿತು. ಕಡಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡ. ಅಲುಗಾಡಿಸದೆ ನೇರ ಆಸ್ಪತ್ರೆಗೆ. ಈ ಮಾತು 1979ರಲ್ಲಿ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ದಪ್ಪನೆಯದನ್ನು ಬಿಟ್ಟು ನಾನು ಸಣ್ಣದೊಂದನ್ನು ಆರಿಸಿದೆ. ಶನಿವಾರ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋದೆ. ಈಗ ಹಿತ್ತಲಲ್ಲೇ ಶೌಚಾಲಯವಿದೆ, ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆಗೇ ಈ ಬ್ಯಾಟರಿ. ಕತ್ತಲಾದ ಮೇಲೆ ಅಮ್ಮನ ಕೈಗೆ ಕೊಟ್ಟೆ. ಹೊತ್ತಿಸಿದಳು. ಗೋಡೆಗೆ ಬಿಟ್ಟು ನೋಡಲಿಲ್ಲ, ದೂರದ ಬೇವಿನ ಮರಕ್ಕೂ ಬಿಡಲಿಲ್ಲ. ಅದರ ತಲೆಯನ್ನು ಹಿಡಿದು ಅಗಲಕ್ಕೆ ಎಳೆದು ತನ್ನ ಪಾದದ ಮುಂದೆ ಹಿಡಿದಳು. ಕಲ್ಲು, ತರಗು, ಇರುವೆಯ ಸಾಲು ಎಲ್ಲ ಕಂಡವು.

"ಆವತ್ತು ಇಷ್ಟು ಕಂಡಿದ್ದರೆ ಸಾಕಿತ್ತು ಕಣವ್ವ, ನಮ್ಮ ಹುಡುಗಿಗೆ" ಎಂದಳು. ಚಿಕ್ಕಮ್ಮ ಅವಳಿಗೆ ಇನ್ನೂ ಹುಡುಗಿಯೇ.

ಆಮೇಲೆ ಒಳಗೆ ಬಂದು ಬ್ಯಾಟರಿಯನ್ನು ಹಿತ್ತಲ ಬಾಗಿಲ ಪಕ್ಕದ ಆ ಹಳೆಯ ಮೊಳೆಗೇ ಹಾಕಿದಳು. ಮನೆಗೆ ಎರಡು ಸಲ ಸುಣ್ಣ ಬಣ್ಣವಾಗಿದೆ, ಒಮ್ಮೆ ಗಿಲಾವು ಮಾಡಿಸಿದ್ದೇವೆ. ಆ ಮೊಳೆಯನ್ನು ಮಾತ್ರ ಅಮ್ಮ ಯಾರಿಗೂ ಕೀಳಲು ಬಿಟ್ಟಿಲ್ಲ.