ಹೇರೆತ್ತಿನಿಂದ ಪಿಕಪ್‌ವರೆಗೆ: ನಮ್ಮ ಸೀಮೆಯ ಬಾಡಿಗೆ ಗಾಡಿಯ ಇತಿಹಾಸ

ಸುಗ್ಗಿ ಕಾಲದಲ್ಲಿ ರಾಯಚೂರಿನ ರಾಜೇಂದ್ರ ಗಂಜ್‌ಗೆ ಹೋದವರು ನೋಡಿಯೇ ಇರುತ್ತೀರಿ. ಲಾರಿ, ಟ್ರ್ಯಾಕ್ಟರ್‌ಗಳ ನಡುವೆ ಟಾಟಾ ಏಸ್, ಬೊಲೆರೊ ಪಿಕಪ್, ದೋಸ್ತ್ ಗಾಡಿಗಳು ಸಾಲುಗಟ್ಟಿ ನಿಂತಿರುತ್ತವೆ. ಅವುಗಳಲ್ಲಿ ಎಷ್ಟೋ ಗಾಡಿಗಳಿಗೆ ಓಡಿಸುವವನೇ ಮಾಲೀಕ. ದೇವದುರ್ಗ, ಮಾನ್ವಿ ಕಡೆ ಡಿಗ್ರಿ ಮುಗಿಸಿ ಕೆಲಸ ಸಿಗದ ಹುಡುಗರು ಈಗ ಕೇಳುವ ಪ್ರಶ್ನೆಯೂ ಇದೇ: ಯಾವ ಗಾಡಿ ತಗೊಂಡ್ರ ಬಾಡಿಗಿ ಚೊಲೋ ಸಿಗತೈತಿ?

ಶೋರೂಮಿನವರ ಉತ್ತರ ತಿಂಗಳ ಕಂತಿನಿಂದ ಶುರುವಾಗುತ್ತದೆ. ನನಗೆ ಈ ಉತ್ತರ ಇನ್ನೂ ಹಿಂದಿನಿಂದ ಶುರುವಾಗಬೇಕು ಅನ್ನಿಸುತ್ತದೆ. ಕೃಷ್ಣಾ ತುಂಗಭದ್ರೆಯರ ನಡುವಿನ ಈ ನಾಡಿನಲ್ಲಿ ಮಾಲು ಹೊತ್ತವರು ಯಾರು, ಏನು ಹೊತ್ತರು, ಯಾವಾಗ ಅವರ ಕೈಯಿಂದ ಕಸುಬು ಜಾರಿತು ಎಂಬುದನ್ನು ನೋಡಿದರೆ ಗಾಡಿ ಆರಿಸುವ ದಾರಿ ತಾನಾಗಿ ಕಾಣುತ್ತದೆ.

ನಮ್ಮಲ್ಲಿ ಸ್ವತಂತ್ರವಾಗಿ ಸರಕು ಸಾಗಿಸಿದವರು ಲಂಬಾಣಿಗಳು. ಎತ್ತಿನ ಬೆನ್ನ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ದಖನ್ನಿನ ಉದ್ದಗಲ ನಡೆದವರು. ಮೊಘಲರ ದಂಡಿಗೂ ಅವರೇ ಕಾಳು ತಂದುಕೊಟ್ಟರು, ಟಿಪ್ಪು ಸುಲ್ತಾನನ ಮೇಲೆ ಬಂದ ಇಂಗ್ಲಿಷರ ದಂಡಿಗೂ ಅವರೇ. ಒಂದು ಎತ್ತಿನ ಮೇಲೆ ಕ್ವಿಂಟಲ್ ಆಸುಪಾಸು. ರಸ್ತೆ ಬೇಕಿಲ್ಲ, ಮೇವು ದಾರಿಯಲ್ಲೇ. ಮಳೆಗಾಲದ ಎರೆಮಣ್ಣಿನಲ್ಲಿ ಬಂಡಿಯ ಗಾಲಿ ಅಚ್ಚಿನವರೆಗೆ ಹೂತರೂ ಹೇರೆತ್ತು ದಾಟಿಬಿಡುತ್ತಿತ್ತು. ಅಂದರೆ ಈ ಮಣ್ಣಿಗೆ ಹೊಂದುವ ವಾಹನ ಅವರ ಹತ್ತಿರವಿತ್ತು.

1871ರಲ್ಲಿ ಅದು ಮುಗಿಯತೊಡಗಿತು. ಮುಂಬೈ ಕಡೆಯಿಂದ ಬಂದ ರೈಲು ಹಳಿ, ಮದ್ರಾಸ್ ಕಡೆಯಿಂದ ಬಂದ ಹಳಿ ಎರಡೂ ರಾಯಚೂರಿನಲ್ಲೇ ಕೂಡಿದವು. ದೂರದ ಮಾಲೆಲ್ಲ ರೈಲಿಗೆ ಹೋಯಿತು. ಅದೇ ವರ್ಷ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದರು; ಮುಂದೆ ಹಲವು ಕಡೆ ಬಂಜಾರರನ್ನೂ ಆ ಪಟ್ಟಿಗೆ ಸೇರಿಸಿದರು. ಕಸುಬು ಹೋಯಿತು, ಮೇಲೆ ಕಳಂಕವೂ ಬಂತು. ಇವತ್ತು ನಮ್ಮ ತಾಂಡಾಗಳಿಂದ ಬೆಂಗಳೂರು, ಪುಣೆಗೆ ಗುಳೆ ಹೋಗುವವರನ್ನು ಕಂಡಾಗ ಈ ಮಾತು ನೆನಪಾಗದೆ ಇರುವುದಿಲ್ಲ.

ಆದರೆ ರೈಲು ಬಂದದ್ದು ರಾಯಚೂರಿಗೆ ಮಾತ್ರ. ದೇವದುರ್ಗಕ್ಕೆ ಇವತ್ತಿಗೂ ಹಳಿ ಇಲ್ಲ. ಮಾನ್ವಿಯ ಮೇಲೆ ಹೋಗುವ ಗಿಣಿಗೇರಾ–ಮೆಹಬೂಬ್‌ನಗರ ಮಾರ್ಗ ಮಂಜೂರಾಗಿದ್ದು 1997–98ರಲ್ಲಿ. ಆ ವರ್ಷ ಹುಟ್ಟಿದ ಹುಡುಗ ಇವತ್ತು ಸ್ವಂತ ಗಾಡಿ ಓಡಿಸುವ ವಯಸ್ಸಿನವ. ಹಾಗಾಗಿ ಈ ಎರಡೂ ಊರಿನಿಂದ ರಾಯಚೂರಿನವರೆಗಿನ ಐವತ್ತರ ಆಸುಪಾಸಿನ ಕಿಲೋಮೀಟರ್ ಮೊದಲು ಬಂಡಿಯದ್ದಾಗಿತ್ತು, ಆಮೇಲೆ ಲಾರಿಯದ್ದಾಯಿತು. ಬಾಡಿಗೆ ಗಾಡಿಯ ಹೊಟ್ಟೆಪಾಡು ನಿಂತಿರುವುದು ಈ ಐವತ್ತು ಕಿಲೋಮೀಟರ್ ಮೇಲೆಯೇ.

1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆಯಲ್ಲಿ ನೀರು ಹರಿದ ಮೇಲೆ ಮಾನ್ವಿ, ಸಿಂಧನೂರು ಜೋಳದ ಸೀಮೆಯಿಂದ ಭತ್ತದ ಸೀಮೆಯಾದವು. ಮಾಲು ಹೆಚ್ಚಾಯಿತು, ಬಂಡಿ ಸಾಲದಾಯಿತು. 1954ರಿಂದ ಟಾಟಾದವರು ಜರ್ಮನಿಯ ಬೆಂಜ್ ಕಂಪನಿ ಜತೆ ಸೇರಿ ಲಾರಿ ಮಾಡತೊಡಗಿದ್ದರು. ಆದರೆ ಲಾರಿ ಅಂದರೆ ಸಾಹುಕಾರರ ಆಸ್ತಿ. ಬಡವನ ಮಗ ಅದರಲ್ಲಿ ಕ್ಲೀನರ್ ಆಗಬಹುದಿತ್ತು, ಹೆಚ್ಚೆಂದರೆ ಡ್ರೈವರ್.

ನಡುವೆ ಟೆಂಪೋ ಬಂತು. ಬಜಾಜ್ ಟೆಂಪೋ ಕಂಪನಿಯ ಮೂರು ಗಾಲಿಯ ಗಾಡಿ, ಆಮೇಲೆ ಮೆಟಡೋರ್. ಕಂಪನಿ 2005ರಲ್ಲಿ ಫೋರ್ಸ್ ಮೋಟಾರ್ಸ್ ಎಂದು ಹೆಸರು ಬದಲಿಸಿಕೊಂಡಿತು. ನಾವು ಬದಲಿಸಲಿಲ್ಲ, ಯಾವ ಕಂಪನಿಯ ಸಣ್ಣ ಗಾಡಿ ಬಂದರೂ ಅದು ಟೆಂಪೋನೇ. 1986ರಲ್ಲಿ ಟಾಟಾ 407 ಬಂತು, ಎರಡು ಟನ್ನಿನ ಮೇಲೆ ಹೊರುವ ಗಟ್ಟಿ ಗಾಡಿ. ಗಂಜ್‌ನಲ್ಲಿ ಈಗಲೂ ಅದಕ್ಕೆ ಮರ್ಯಾದೆ ಇದೆ. ಆದರೆ ಅದಕ್ಕೂ ಕೈಯಲ್ಲಿ ದೊಡ್ಡ ದುಡ್ಡು ಬೇಕು, ಪರ್ಮಿಟ್ ಬೇಕು.

ಪರಿಸ್ಥಿತಿ ನಿಜಕ್ಕೂ ಬದಲಾದದ್ದು 2005ರ ಮೇ ತಿಂಗಳಲ್ಲಿ, ಟಾಟಾ ಏಸ್ ಬಂದಾಗ. ಎರಡು ಸಿಲಿಂಡರಿನ 700 ಸಿಸಿ ಡೀಸೆಲ್ ಎಂಜಿನ್, ಮುಕ್ಕಾಲು ಟನ್ ಹೊರುವ ಶಕ್ತಿ, ಬೆಲೆ ಸುಮಾರು ₹2.25 ಲಕ್ಷ. ಇದನ್ನು ರೂಪಿಸಿದ ತಂಡದ ಮುಖ್ಯಸ್ಥ ಗಿರೀಶ್ ವಾಘ್. ಆ ತಂಡ ಮೂರು ಗಾಲಿ ಗಾಡಿಯವರನ್ನು ಹುಡುಕಿ ಮಾತಾಡಿಸಿದಾಗ, ನಾಲ್ಕು ಗಾಲಿಯ ಗಾಡಿ ಇದ್ದರೆ ನನಗೆ ಒಳ್ಳೆಯ ಕಡೆ ಹೆಣ್ಣು ಸಿಗುತ್ತದೆ ಎಂದು ಹಳ್ಳಿಯ ಹುಡುಗನೊಬ್ಬ ಹೇಳಿದ್ದನಂತೆ. ನಮ್ಮ ಕಡೆಯ ಕನ್ಯೆ ನೋಡುವ ಶಾಸ್ತ್ರ ಕಂಡವರಿಗೆ ಇದು ನಗೆಯ ಮಾತಲ್ಲ.

ಏಸ್ ಗೆದ್ದದ್ದಕ್ಕೆ ಬೆಲೆಯೊಂದೇ ಕಾರಣವಲ್ಲ. 1988ರ ಮೋಟಾರು ವಾಹನ ಕಾಯ್ದೆಯ 66ನೇ ಕಲಂ ಪ್ರಕಾರ ಗಾಡಿ, ಸರಕು ಸೇರಿ ಒಟ್ಟು ತೂಕ 3,000 ಕೆ.ಜಿ. ಮೀರದ ಸರಕು ವಾಹನಕ್ಕೆ ಪರ್ಮಿಟ್ ಬೇಕಿಲ್ಲ. ಸಣ್ಣ ಗಾಡಿಯವನು ಒಂದು ಕಚೇರಿಯ ಬಾಗಿಲು ಕಾಯುವುದು ತಪ್ಪಿತು. 2005ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಲಾರಿಗಳ ಓವರ್‌ಲೋಡ್ ವಿರುದ್ಧ ಕಟ್ಟುನಿಟ್ಟಿನ ತೀರ್ಪು ಕೊಟ್ಟಿತು.

ಈಗ ಚೀಲದ ಲೆಕ್ಕ ಹಾಕೋಣ. ನಮ್ಮಲ್ಲಿ ಭತ್ತದ ಚೀಲ ಅಂದರೆ 75 ಕೆ.ಜಿ. ಮುಕ್ಕಾಲು ಟನ್ನಿನ ಏಸ್‌ಗೆ ಸರಿಯಾಗಿ 10 ಚೀಲ. 2011ರಲ್ಲಿ ಬಂದ ಅಶೋಕ್ ಲೇಲ್ಯಾಂಡ್ ದೋಸ್ತ್ ಹೊರುತ್ತಿದ್ದದ್ದು 1,250 ಕೆ.ಜಿ., ಅಂದರೆ 16 ಚೀಲ. 1,700 ಕೆ.ಜಿ. ಹೊರುವ ಪಿಕಪ್‌ಗೆ 22. ನಾಲ್ಕೆಕರೆಯ ರೈತನ ಭತ್ತಕ್ಕೆ ಏಸ್ ಹಲವು ಸಲ ಓಡಬೇಕು. ಅದಕ್ಕೇ ಮಾನ್ವಿ ಕಡೆ ಗದ್ದೆಯಿಂದ ಗಿರಣಿಗೆ ಟ್ರ್ಯಾಕ್ಟರ್ ಹೋಗುತ್ತದೆ, ಗಿರಣಿಯಿಂದ ದೂರಕ್ಕೆ ಲಾರಿ. ಭತ್ತವನ್ನೇ ನಂಬಿ ಸಣ್ಣ ಗಾಡಿ ತೆಗೆದರೆ ಈ ಎರಡರ ನಡುವೆ ಸಿಕ್ಕಿಕೊಳ್ಳುತ್ತೀರಿ. ಅಲ್ಲಿ ಸಣ್ಣ ಗಾಡಿಗೆ ಕೆಲಸ ಇರುವುದು ಅಕ್ಕಿ ಚೀಲವನ್ನು ಅಂಗಡಿಗೆ ಮುಟ್ಟಿಸುವುದರಲ್ಲಿ, ಗೊಬ್ಬರ, ಬೀಜ, ಕಿರಾಣಿ, ಸಿಮೆಂಟ್ ತರುವುದರಲ್ಲಿ. ಅದಕ್ಕೆ ಏಸ್ ಸಾಕು, ಓಣಿಯೊಳಗೂ ತಿರುಗುತ್ತದೆ.

ದೇವದುರ್ಗದ ಲೆಕ್ಕವೇ ಬೇರೆ. ನಾರಾಯಣಪುರ ಬಲದಂಡೆಯ ನೀರು ಬಂದರೂ ಅಲ್ಲಿ ಹತ್ತಿ, ಮೆಣಸಿನಕಾಯಿ, ತೊಗರಿ ಬಿಟ್ಟುಹೋಗಿಲ್ಲ. ಹತ್ತಿ ಅಂಡಿಗೆ, ಮೆಣಸಿನಕಾಯಿ ಚೀಲ ಎರಡೂ ಹಗುರ, ಆದರೆ ಜಾಗ ತಿನ್ನುತ್ತವೆ. ತೂಕ ತುಂಬುವ ಮೊದಲೇ ಗಾಡಿ ತುಂಬುತ್ತದೆ. ಇಲ್ಲಿ ಎಷ್ಟು ಟನ್ ಎಂದು ಕೇಳುವುದಕ್ಕಿಂತ ಹಿಂದಿನ ಡಬ್ಬಿ ಎಷ್ಟು ಉದ್ದ, ಎಷ್ಟು ಅಗಲ ಎಂದು ಕೇಳಬೇಕು; ಟೇಪು ಹಿಡಿದು ಅಳೆದರೂ ತಪ್ಪಿಲ್ಲ. ಮೇಲಾಗಿ ಮೆಣಸಿನಕಾಯಿ ಹೋಗುವುದು ಇನ್ನೂರು ಕಿಲೋಮೀಟರ್ ದಾಟಿದ ಬ್ಯಾಡಗಿಗೆ. ಸಣ್ಣ ಎಂಜಿನ್ನಿನ ಗಾಡಿಯನ್ನು ರಾತ್ರಿಯೆಲ್ಲ ಅಷ್ಟು ದೂರ ಓಡಿಸುವುದು ಗಾಡಿಗೂ ಕಷ್ಟ, ಡ್ರೈವರನಿಗೂ ಕಷ್ಟ. ನನ್ನನ್ನು ಕೇಳಿದರೆ ದೇವದುರ್ಗಕ್ಕೆ ಉದ್ದ ಡಬ್ಬಿಯ ಪಿಕಪ್ಪೇ ಸರಿ. ಆದರೆ ದೊಡ್ಡ ಪಿಕಪ್‌ಗಳಲ್ಲಿ ಕೆಲವು 3,000 ಕೆ.ಜಿ. ಗೆರೆ ದಾಟುತ್ತವೆ, ಆಗ ಪರ್ಮಿಟ್ ಬೇಕಾಗುತ್ತದೆ. ಸೇಲ್ಸ್‌ನವರ ಮಾತು ಬಿಟ್ಟು, ಆರ್‌ಸಿಯಲ್ಲಿ ಬರೆಯುವ ಒಟ್ಟು ತೂಕ ಎಷ್ಟು ಎಂದು ಮೊದಲೇ ಕೇಳಿ. ಅದರಲ್ಲಿ ಖಾಲಿ ಗಾಡಿಯ ತೂಕ ಕಳೆದರೆ ಉಳಿಯುವುದೇ ನೀವು ಕಾನೂನು ಪ್ರಕಾರ ಹೊರಬಹುದಾದ ಭಾರ. ಅದನ್ನು ಮೀರಿದರೆ, 2019ರ ತಿದ್ದುಪಡಿಯಂತೆ ದಂಡ ₹20,000. ಹೆಚ್ಚಿನ ಪ್ರತಿ ಟನ್ನಿಗೆ ₹2,000 ಬೇರೆ. ಒಂದು ತಿಂಗಳ ದುಡಿಮೆ ಅಲ್ಲೇ ಹೋಯಿತು.

ಲೈಸೆನ್ಸ್ ವಿಷಯದಲ್ಲಿ ಮಾತ್ರ ಸ್ವಲ್ಪ ನೆಮ್ಮದಿ. ಕಾರಿನ ಲೈಸೆನ್ಸ್ ಇದ್ದವನು ಹಳದಿ ಪ್ಲೇಟಿನ ಸಣ್ಣ ಗಾಡಿ ಓಡಿಸಿ ಅಪಘಾತವಾದರೆ ವಿಮೆ ಕೊಡುವುದಿಲ್ಲ ಎಂದು ಕಂಪನಿಗಳು ಬಹಳ ಕಾಲ ವಾದಿಸಿದವು. ಒಟ್ಟು ತೂಕ 7,500 ಕೆ.ಜಿ. ಮೀರದ ಗಾಡಿಗೆ ಆ ಲೈಸೆನ್ಸ್ ಸಾಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. 2024ರ ನವೆಂಬರ್ 6ರಂದು ಐದು ನ್ಯಾಯಮೂರ್ತಿಗಳ ಪೀಠ ಅದನ್ನೇ ಎತ್ತಿಹಿಡಿಯಿತು.

ಆದರೆ ಹತ್ತಿ ಬಿಡಿಸಲು ಹೋಗುವ ಕೂಲಿಕಾರರನ್ನು ಹಿಂದೆ ನಿಲ್ಲಿಸಿಕೊಂಡು ಹೋಗುವುದಿದೆಯಲ್ಲ, ಅದಕ್ಕೆ ಯಾವ ರಕ್ಷಣೆಯೂ ಇಲ್ಲ. ಸರಕು ಗಾಡಿಯಲ್ಲಿ ಹತ್ತಿದ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು 2002ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಸತ್ತವರ ಮನೆಯವರಿಗೆ ಪರಿಹಾರದ ಭಾರ ಕೊನೆಗೆ ಬೀಳುವುದು ಕಂತು ಕಟ್ಟುತ್ತಿರುವ ಮಾಲೀಕನ ತಲೆಯ ಮೇಲೆ. ಕೂಲಿಯವರನ್ನು ಸಾಗಿಸುವುದೇ ನಿಮ್ಮ ಮುಖ್ಯ ಬಾಡಿಗೆ ಆಗುವುದಿದ್ದರೆ ಸರಕು ಗಾಡಿ ತಗೊಳ್ಳಲೇಬೇಡಿ, ಪ್ರಯಾಣಿಕರ ಗಾಡಿಯನ್ನೇ ತಗೊಳ್ಳಿ.

ಕಂತಿನ ಲೆಕ್ಕವನ್ನು ಸುಗ್ಗಿಯ ತಿಂಗಳು ನೋಡಿ ಹಾಕಬಾರದು. 2015ರ ಮುದ್ರಾ ಯೋಜನೆಯಿಂದ ಬಾಡಿಗೆ ಗಾಡಿಗೆ ಸಾಲ ಸಿಗುವುದು ಸುಲಭವಾಗಿದೆ; 2025ರ ಸೆಪ್ಟೆಂಬರ್ 22ರಿಂದ ಸರಕು ಗಾಡಿಯ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಕೊಳ್ಳುವುದು ಸುಲಭ, ಸರಿ. ಆದರೆ 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದ ಸುದ್ದಿ ನೆನಪಿಸಿಕೊಳ್ಳಿ. ನೀರು ಹೋದರೆ ಬೆಳೆ ಹೋಗುತ್ತದೆ, ಬೆಳೆ ಹೋದರೆ ಚೀಲ ಇಲ್ಲ, ಚೀಲ ಇಲ್ಲದಿದ್ದರೆ ಬಾಡಿಗೆ ಇಲ್ಲ. ಸುಗ್ಗಿ ಇಲ್ಲದ ತಿಂಗಳಲ್ಲಿ ಕಿರಾಣಿ, ಗೊಬ್ಬರದ ಬಾಡಿಗೆಯಿಂದಷ್ಟೇ ಕಂತು ಹುಟ್ಟುತ್ತದೆಯೇ ಎಂದು ನೋಡಿ. ಹುಟ್ಟದಿದ್ದರೆ ಹಳೆಯ ಗಾಡಿ ಕೊಳ್ಳುವುದೇ ಲೇಸು. ಹಳೆಯದಾದರೆ ಫಿಟ್‌ನೆಸ್ ತಾರೀಖು ನೋಡಿಕೊಳ್ಳಿ, 8 ವರ್ಷ ದಾಟಿದ ಗಾಡಿಗೆ ಅದು ವರ್ಷಕ್ಕೊಮ್ಮೆ ಆಗಬೇಕು.

ಇನ್ನು ಮರಳಿ ಬರುವ ಲೋಡು. ಲಂಬಾಣಿಗಳು ಕಾಳು ಒಯ್ದು ಉಪ್ಪು ತರುತ್ತಿದ್ದರು, ಖಾಲಿ ಎತ್ತು ಹೊಡೆದುಕೊಂಡು ಬರುತ್ತಿರಲಿಲ್ಲ. ದೇವದುರ್ಗದಿಂದ ಹತ್ತಿ ಒಯ್ದ ಗಾಡಿ ರಾಯಚೂರಿನಿಂದ ಖಾಲಿ ಬಂದರೆ ಡೀಸೆಲ್ ಎರಡು ಕಡೆಯದು, ಬಾಡಿಗೆ ಒಂದೇ ಕಡೆಯದು. ಗಾಡಿ ತೆಗೆಯುವ ಮೊದಲು ರಾಯಚೂರಿನ ಇಬ್ಬರು ಮೂವರು ಅಂಗಡಿಕಾರರ ಹತ್ತಿರ ಮರಳಿ ತರುವ ಮಾಲಿನ ಮಾತು ಮುಗಿಸಿಕೊಳ್ಳಿ. ಕಲಬುರಗಿ ಕಡೆ ಬಾಡಿಗೆ ಒಪ್ಪಿಕೊಳ್ಳುವವರು ಹೂವಿನಹೆಡಗಿ ಸೇತುವೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. 2019ರ ಆಗಸ್ಟ್‌ನಂತೆ ನಾರಾಯಣಪುರದಿಂದ ನೀರು ಬಿಟ್ಟಾಗ ಅದು ಮುಳುಗುತ್ತದೆ, ಆಗ ಸುತ್ತು ದಾರಿಯ ಡೀಸೆಲ್ ಯಾರದು ಎಂದು ಲೋಡು ಹತ್ತಿಸುವ ಮೊದಲೇ ಮಾತಾಡಿಕೊಳ್ಳಬೇಕು.