ಊಟ, ಪಾಠ, ನಾಟಕ: ಗದಗಿನ ಆಶ್ರಮ ಹಾಡುಗಾರರನ್ನು ಬೆಳೆಸಿದ ಬಗೆ

1936ರಲ್ಲಿ ಹಂಪಿಯಲ್ಲಿ ವಿಜಯನಗರ ಸಾಮ್ರಾಜ್ಯದ 600ನೇ ವರ್ಷದ ಉತ್ಸವ ನಡೆಯಿತು. ಅಲ್ಲಿ ಹಾಡಲು ಕೂತವರಲ್ಲಿ ಇನ್ನೂ ಇಪ್ಪತ್ತು ತುಂಬದ ಒಬ್ಬ ಹುಡುಗನಿದ್ದ. ಹೆಸರು ಬಸವರಾಜ ರಾಜಗುರು. ಅದು ಅವನ ಮೊದಲ ದೊಡ್ಡ ಕಚೇರಿ. ಪಕ್ಕದಲ್ಲಿ ತಬಲಾ ಹಿಡಿದು ಕೂತವರು ಬೇರಾರೂ ಅಲ್ಲ, ಅವನ ಗುರು ಪಂಚಾಕ್ಷರಿ ಗವಾಯಿಗಳು.

ನಮ್ಮ ಸಂಗೀತದ ರೂಢಿ ಗೊತ್ತಿದ್ದವರಿಗೆ ಇದರ ವಿಶೇಷ ತಟ್ಟನೆ ತಿಳಿಯುತ್ತದೆ. ಸಾಮಾನ್ಯವಾಗಿ ಗುರು ಹಾಡುತ್ತಾರೆ, ಶಿಷ್ಯ ಹಿಂದೆ ಕೂತು ತಂಬೂರಿ ಮೀಟುತ್ತಾನೆ. ನಡುವೆ ಗುರುಗಳು ಕಣ್ಸನ್ನೆ ಮಾಡಿದರೆ ಎರಡು ಆಲಾಪ ಹೇಳಬಹುದು. ಹಾಗೆ ಹತ್ತು ಹದಿನೈದು ವರ್ಷ ಕಳೆಯುತ್ತವೆ. ಇಲ್ಲಿ ಗುರುವೇ ಪಕ್ಕವಾದ್ಯಕ್ಕೆ ಕೂತು ಶಿಷ್ಯನನ್ನು ಮುಂದೆ ಮಾಡಿದ್ದರು. ಕಣ್ಸನ್ನೆಯ ಮಾತೂ ಅಲ್ಲಿರಲಿಲ್ಲ, ಏಕೆಂದರೆ ಗುರುಗಳಿಗೆ ಹುಟ್ಟಿನಿಂದಲೇ ಕಣ್ಣಿರಲಿಲ್ಲ.

ಈ ಒಂದು ಚಿತ್ರವನ್ನು ಹಿಡಿದು ಹೊರಟರೆ ನಾವು ಸಾಮಾನ್ಯವಾಗಿ ಕೇಳದ ಪ್ರಶ್ನೆಯೊಂದು ಎದುರಾಗುತ್ತದೆ. ಸಂಗೀತಶಾಲೆ ರಾಗ ಕಲಿಸುತ್ತದೆ, ತಾಳ ಕಲಿಸುತ್ತದೆ. ಆದರೆ ನಾಲ್ಕು ಜನರ ಮುಂದೆ ಕೂರುವ ಅವಕಾಶವನ್ನು ಯಾರು ಕೊಡುತ್ತಾರೆ? ಅಷ್ಟು ವರ್ಷ ಆ ಮಕ್ಕಳ ಊಟಕ್ಕೆ ಯಾರು ಕೊಡುತ್ತಾರೆ? ವಿದ್ಯಾರ್ಥಿಗಳನ್ನು ಮನೆಯಲ್ಲೇ ಇಟ್ಟುಕೊಂಡು ಸಂಗೀತ ಕಲಿಸಿದ ಪ್ರತಿಯೊಬ್ಬರೂ ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕಬೇಕಾಯಿತು. ಮೂವರು ಮೂರು ಬಗೆಯ ಉತ್ತರ ಕಂಡುಕೊಂಡರು.

ಮೊದಲನೆಯವರು ವಿಷ್ಣು ದಿಗಂಬರ ಪಲುಸ್ಕರ್. 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು, 1908ರಲ್ಲಿ ಮುಂಬೈಗೆ ಬಂದರು. ಮುಂದೆ ಸಂಗೀತವನ್ನು ಊರೂರಿಗೆ ಒಯ್ಯಬೇಕಾದ ಶಿಷ್ಯರನ್ನು ವರ್ಷಗಟ್ಟಲೆ ಜೊತೆಗಿಟ್ಟುಕೊಂಡು ಅನ್ನ, ಬಟ್ಟೆ, ವಿದ್ಯೆ ಮೂರನ್ನೂ ಕೊಟ್ಟರು. ಓಂಕಾರನಾಥ ಠಾಕೂರ್, ವಿನಾಯಕರಾವ್ ಪಟವರ್ಧನ್, ನಾರಾಯಣರಾವ್ ವ್ಯಾಸ್ ಹಾಗೆ ಬೆಳೆದವರು. ಖರ್ಚು ನಡೆಯುತ್ತಿದ್ದದ್ದು ಬಹುಮಟ್ಟಿಗೆ ಗುರುಗಳ ಕಚೇರಿಯ ಸಂಪಾದನೆಯಿಂದ, ಜನರ ವಂತಿಗೆಯಿಂದ, ಸಾಲದಿಂದ. ಸಾಲ ಬೆಳೆಯಿತು. 1924ರಲ್ಲಿ ಮುಂಬೈಯ ಕಟ್ಟಡ ಸಾಲಗಾರರ ಪಾಲಾಯಿತು. ಶಿಷ್ಯರು ಉಳಿದರು, ಮನೆ ಹೋಯಿತು.

ಎರಡನೆಯವರು ಮೈಹರ್‌ನ ಅಲ್ಲಾವುದ್ದೀನ್ ಖಾನ್. 1918ರ ಸುಮಾರಿನ ಸಾಂಕ್ರಾಮಿಕದಲ್ಲಿ ತಂದೆತಾಯಿ ಕಳೆದುಕೊಂಡ ಮಕ್ಕಳನ್ನು ಒಟ್ಟುಗೂಡಿಸಿ ಅವರು ಒಂದು ವಾದ್ಯವೃಂದ ಕಟ್ಟಿದರು. ಬಂದೂಕಿನ ನಳಿಗೆಗಳನ್ನು ಕತ್ತರಿಸಿ ನಳತರಂಗ್ ಎಂಬ ಹೊಸ ವಾದ್ಯವನ್ನೇ ಮಾಡಿದರು. ಇಲ್ಲಿ ಮಕ್ಕಳಿಗೆ ವೇದಿಕೆ ಮೊದಲ ದಿನದಿಂದಲೇ ಇತ್ತು, ಏಕೆಂದರೆ ವೃಂದದಲ್ಲಿ ಎಲ್ಲರಿಗೂ ಒಂದೊಂದು ಜಾಗ. ಅನ್ನದ ಚಿಂತೆ ಸಂಸ್ಥಾನದ ಮಹಾರಾಜರದು. ಆದರೆ ಎಲ್ಲ ಊರಿನಲ್ಲೂ ಸಂಗೀತ ಪ್ರಿಯ ಮಹಾರಾಜರಿರುವುದಿಲ್ಲ.

ಮೂರನೆಯ ಉತ್ತರ ನಮ್ಮ ಗದಗಿನದು.

ಪಂಚಾಕ್ಷರಿ ಗವಾಯಿಗಳು ಹುಟ್ಟಿದ್ದು 1892ರಲ್ಲಿ, ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಮೊದಲ ಹೆಸರು ಗದಿಗೆಯ್ಯ. ಅಣ್ಣ ಗುರುಬಸಯ್ಯನಿಗೂ ಕಣ್ಣಿರಲಿಲ್ಲ. ಬಡ ಮನೆಯ ಇಬ್ಬರು ಕುರುಡು ಮಕ್ಕಳ ಮುಂದೆ ಆ ಕಾಲದಲ್ಲಿ ಇದ್ದ ದಾರಿ ಯಾವುದೆಂದು ಹೇಳಬೇಕಾಗಿಲ್ಲ. ಜಾತ್ರೆಯ ಬಾಗಿಲಲ್ಲಿ ಹಾಡಿ ಬೇಡುವುದು, ಅಷ್ಟೆ. ಆ ದಾರಿಯಿಂದ ಅವರನ್ನು ತಪ್ಪಿಸಿದವರು ಹಾನಗಲ್ ಕುಮಾರ ಸ್ವಾಮಿಗಳು. 1909ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದವರೂ ಇವರೇ. ಹುಡುಗರ ದನಿ ಕೇಳಿ ಕರೆದೊಯ್ದರು, ಸಂಗೀತ ಕಲಿಸುವ ಏರ್ಪಾಡು ಮಾಡಿದರು. ಗದಿಗೆಯ್ಯ ಮೊದಲು ಕರ್ನಾಟಕ ಸಂಗೀತ ಕಲಿತರು, ಆಮೇಲೆ ನೀಲಕಂಠ ಬುವಾ ಅವರಲ್ಲಿ ಹಿಂದುಸ್ತಾನಿ ಕಲಿತರು. ಮಲ್ಲಿಕಾರ್ಜುನ ಮನ್ಸೂರರಿಗೆ ಮೊದಲು ಹಿಂದುಸ್ತಾನಿ ಕಲಿಸಿದ್ದೂ ಇದೇ ನೀಲಕಂಠ ಬುವಾ. ಎರಡೂ ಪದ್ಧತಿ ಬಲ್ಲ ಗವಾಯಿಗಳು ಕಚೇರಿ ಮಾಡಿಕೊಂಡು ಸುಖವಾಗಿರಬಹುದಿತ್ತು. ಅವರು ತಮ್ಮಂಥ ಹುಡುಗರನ್ನು ಸೇರಿಸಿಕೊಂಡು ಪಾಠ ಹೇಳಲು ಹೊರಟರು.

1930ರಲ್ಲಿ ಕುಮಾರ ಸ್ವಾಮಿಗಳು ಲಿಂಗೈಕ್ಯರಾದರು. ನೆರಳಿನ ಮರ ಬಿದ್ದಂತಾಯಿತು. ಪಾಠಶಾಲೆ ಅಲೆಮಾರಿಯಾಗಿ ಊರಿಂದೂರಿಗೆ ಸಾಗಿತು. ಭಕ್ತರು ಇರಗೊಟ್ಟ ಕಡೆ ಬಿಡಾರ, ಕೊಟ್ಟಷ್ಟು ದಿನ ಊಟ. ಹುಡುಗರ ಹೊಟ್ಟೆ ಮಾತ್ರ ದಿನವೂ ಹಸಿಯುತ್ತಿತ್ತು. ಕಡೆಗೆ ಅದು ಗದಗಿನಲ್ಲಿ ನೆಲೆ ಕಂಡು ವೀರೇಶ್ವರ ಪುಣ್ಯಾಶ್ರಮವಾದದ್ದು 1942ರಲ್ಲಿ. ಎರಡೇ ವರ್ಷಕ್ಕೆ, 1944ರಲ್ಲಿ, ಗವಾಯಿಗಳು ತೀರಿಕೊಂಡರು. ಆಶ್ರಮದ ಹೊಣೆ ಮೂವತ್ತು ವರ್ಷದ ಶಿಷ್ಯ ಪುಟ್ಟರಾಜರ ಮೇಲೆ ಬಿತ್ತು. ಅವರೂ ಹಾನಗಲ್ ಸೀಮೆಯವರು. ಕೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡವರು.

ಪುಟ್ಟರಾಜರು ಕಂಡುಕೊಂಡ ಉತ್ತರ ನಾಟಕ. ಇದಕ್ಕೆ ಊರಿನ ಗುಣವೂ ಕಾರಣ. ಶಾಂತಕವಿಗಳು ಕೃತಪುರ ನಾಟಕ ಮಂಡಳಿ ಕಟ್ಟಿದ ಊರು ಗದಗ. ಉತ್ತರ ಕರ್ನಾಟಕದಲ್ಲಿ ಹಾಡುಗಾರರಿಗೂ ಕಂಪನಿ ನಾಟಕಕ್ಕೂ ಇದ್ದ ನಂಟು ಹಳೆಯದು. ಸವಾಯಿ ಗಂಧರ್ವರು ರಂಗದ ಮೇಲೆ ಹೆಸರು ಮಾಡಿದವರು. ಮನ್ಸೂರರು ಹುಡುಗರಾಗಿದ್ದಾಗ ಕಂಪನಿಯಲ್ಲಿದ್ದರು. ರಾಜಗುರು ಕೂಡ ಗವಾಯಿಗಳ ಕೈಗೆ ಬರುವ ಮೊದಲು ಬಣ್ಣ ಹಚ್ಚಿದವರೇ. ಅಂದರೆ ಹಾಡಬಲ್ಲ ಹುಡುಗನನ್ನು ಕಂಪನಿ ಮೊದಲು ಪತ್ತೆ ಮಾಡುತ್ತಿತ್ತು, ಆಮೇಲೆ ಗುರುಗಳು ಅವನನ್ನು ಅಲ್ಲಿಂದ ಬಿಡಿಸಿ ತರುತ್ತಿದ್ದರು. ಪುಟ್ಟರಾಜರು ಈ ಲೆಕ್ಕವನ್ನೇ ತಿರುಗಿಸಿದರು. ಕಂಪನಿಯಿಂದ ಹುಡುಗರನ್ನು ಬಿಡಿಸುವ ಬದಲು ಆಶ್ರಮವೇ ಒಂದು ಕಂಪನಿ ಇಟ್ಟುಕೊಂಡಿತು. ಕುಮಾರೇಶ್ವರ ಕೃಪಾಪೋಷಿತ ನಾಟ್ಯಸಂಘ ಹುಟ್ಟಿದ್ದು ಹೀಗೆ. ಶರಣರ ಕಥೆಗಳನ್ನು ಪುಟ್ಟರಾಜರೇ ನಾಟಕ ಮಾಡಿದರು. ಅವರು ಬಾಯಲ್ಲಿ ಹೇಳುವುದು, ಕಣ್ಣಿದ್ದ ಶಿಷ್ಯರು ಬರೆದುಕೊಳ್ಳುವುದು. ಕಂಪನಿಯ ಗಳಿಕೆ ಆಶ್ರಮದ ಅಡುಗೆಮನೆಗೆ.

ಟಿಕೆಟ್ಟಿನ ದುಡ್ಡಿಗಾಗಿ ನಾಟಕ ಎಂದಷ್ಟೇ ನೋಡಿದರೆ ಅರ್ಧ ಕಥೆ ತಪ್ಪುತ್ತದೆ. ನಾಟಕದ ಸಂಗೀತಮೇಳ ಒಂದು ಕಠಿಣ ಶಾಲೆ. ರಂಗದ ಮುಂದೆ ಕಾಲುಪೇಟಿ, ತಬಲಾ. ಒಬ್ಬ ನಟನ ಸ್ವರ ಕರಿ ಒಂದು, ಇನ್ನೊಬ್ಬರದು ಕರಿ ನಾಲ್ಕು. ಮಾತು ಮುಗಿದ ಕೂಡಲೇ ಅವರವರ ಸ್ವರಕ್ಕೆ ಪೇಟಿ ಸಿದ್ಧವಿರಬೇಕು. ಕಣ್ಣಿಲ್ಲದ ವಾದಕನಿಗೆ ನಟನ ಬಾಯಿ ತೆರೆಯುವುದು ಕಾಣುವುದಿಲ್ಲ. ಅವನಿಗೆ ಇರುವ ಸೂಚನೆ ಸಂಭಾಷಣೆಯ ಕೊನೆಯ ಮಾತು, ಹೆಜ್ಜೆಯ ಸದ್ದು, ಉಸಿರು. ಹಾಗಾಗಿ ಇಡೀ ನಾಟಕ ಬಾಯಿಪಾಠ ಬೇಕು, ತನ್ನದಲ್ಲದ ಪಾತ್ರಗಳೂ ಸೇರಿ. ಜನ ‘ವನ್ಸ್ ಮೋರ್’ ಎಂದರೆ ಹಾಡು ಮತ್ತೆ ಮೊದಲಿಂದ. ನಟ ಸಾಲು ಮರೆತರೆ ಅವನು ಸಾವರಿಸಿಕೊಳ್ಳುವವರೆಗೆ ತುಂಬಿಕೊಡಬೇಕು. ತಿಂಗಳಿಗೊಮ್ಮೆ ಶಾಲೆಯ ಸಭಾಂಗಣದಲ್ಲಿ ತಂದೆತಾಯಿಯರ ಮುಂದೆ ಹಾಡುವ ಹುಡುಗನಿಗೂ, ಜಾತ್ರೆಯ ಕ್ಯಾಂಪಿನಲ್ಲಿ ದಿನಾ ರಾತ್ರಿ ದುಡ್ಡು ಕೊಟ್ಟು ಬಂದವರ ಮುಂದೆ ನುಡಿಸುವ ಹುಡುಗನಿಗೂ ಇರುವ ಅಂತರ ಇದೇ.

ಇದಕ್ಕೆ ಬೆಲೆಯೂ ಇತ್ತು ಎನ್ನುವುದನ್ನು ಮುಚ್ಚಿಡಬಾರದು. ರಾತ್ರಿಯೆಲ್ಲ ನಾಟಕ ನುಡಿಸಿದವನು ಬೆಳಗಿನ ಜಾವ ಖರ್ಜದ ರಿಯಾಜಿಗೆ ಕೂರುವುದು ಸುಲಭವಲ್ಲ. ರಂಗಗೀತೆ ಮೂರು ನಿಮಿಷದಲ್ಲಿ ಚಪ್ಪಾಳೆ ಗಿಟ್ಟಿಸಬೇಕು, ಖಯಾಲು ಮುಕ್ಕಾಲು ಗಂಟೆ ಕಾಯಬೇಕು. ಒಂದರ ಚಟ ಇನ್ನೊಂದಕ್ಕೆ ಕೇಡು. ಹಾಡುಗಾರಿಕೆಯನ್ನು ತಪಸ್ಸೆಂದು ತಿಳಿದವರು ಈ ಕಾರಣಕ್ಕೇ ನಾಟಕ ಬಿಟ್ಟು ಬಂದರು. ಆದರೆ ಆಶ್ರಮದ ಮುಂದಿದ್ದ ಪ್ರಶ್ನೆ ಒಬ್ಬ ದೊಡ್ಡ ಗವಾಯಿಯನ್ನು ತಯಾರು ಮಾಡುವುದು ಹೇಗೆ ಎನ್ನುವುದಷ್ಟೇ ಆಗಿರಲಿಲ್ಲ. ಬಂದ ನೂರು ಮಕ್ಕಳಲ್ಲಿ ಎಲ್ಲರಿಗೂ ರಾಜಗುರುವಿನ ಕಂಠ ಇರುವುದಿಲ್ಲ. ಉಳಿದವರು ಏನು ಮಾಡಬೇಕು? ಸಂಗೀತ ಕೈ ಹಿಡಿಯದಿದ್ದರೆ ಅವರು ಮತ್ತೆ ಜಾತ್ರೆಯ ಬಾಗಿಲಿಗೇ ಹೋಗಬೇಕು. ಆದ್ದರಿಂದಲೇ ಅಲ್ಲಿ ಹಾಡುಗಾರಿಕೆಯ ಜೊತೆಗೆ ತಬಲಾ, ಹಾರ್ಮೋನಿಯಂ, ಪಿಟೀಲು, ಪುರಾಣ, ಕೀರ್ತನ ಎಲ್ಲವೂ ಬೆಳೆದವು. ಕಂಠ ಇಲ್ಲದವನಿಗೆ ಕೈ, ಕೈ ಸಾಗದವನಿಗೆ ಮಾತು. ಮಠದ ಶ್ರಾವಣದ ಪುರಾಣಕ್ಕೆ ಪ್ರವಚನ ಹೇಳುವವರು, ಅದಕ್ಕೆ ಪೇಟಿ ಹಿಡಿಯುವವರು, ಶಾಲೆಯ ಸಂಗೀತ ಮಾಸ್ತರರು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇಂಥವರನ್ನು ಕೇಳಿದರೆ ‘ಗದಗಿನ ಆಶ್ರಮದಾಗ ಕಲ್ತೇನ್ರಿ’ ಎನ್ನುವ ಉತ್ತರ ಅಪರೂಪವಲ್ಲ. ಪತ್ರಿಕೆಯಲ್ಲಿ ಹೆಸರು ಬಾರದ ಈ ಜನರೇ ಆ ಶಾಲೆಯ ನಿಜವಾದ ಫಲಿತಾಂಶ ಎಂದು ನನಗೆ ಅನ್ನಿಸುತ್ತದೆ.

ಹೆಸರು ಮಾಡಿದವರೂ ಬಂದರು. 1968ರಲ್ಲಿ ಬಳ್ಳಾರಿ ಸೀಮೆಯ ಲಕ್ಷ್ಮೀಪುರದ ಹುಡುಗನೊಬ್ಬನನ್ನು ಸೋದರಮಾವ ಬೆಳಗಲ್ಲು ವೀರಣ್ಣ ಆಶ್ರಮಕ್ಕೆ ತಂದು ಬಿಟ್ಟರು. ಮಾವ ನಾಟಕ ಮತ್ತು ತೊಗಲುಬೊಂಬೆಯ ಕಲಾವಿದ, ತಂದೆ ಜಾನಪದ ಹಾಡುಗಾರ. ಹುಡುಗ ಹನ್ನೆರಡು ವರ್ಷ ಅಲ್ಲೇ ಇದ್ದ. ಇವತ್ತು ಪುಣೆಯ ಸವಾಯಿ ಗಂಧರ್ವ ಉತ್ಸವದಲ್ಲಿ ಎಂ. ವೆಂಕಟೇಶ್ ಕುಮಾರ್ ಹಾಡಲು ಕೂತರೆ ಸಾವಿರಾರು ಜನ ಉಸಿರು ಬಿಗಿಹಿಡಿಯುತ್ತಾರೆ. ಖಯಾಲಿನ ನಂತರ ಅವರು ಎತ್ತಿಕೊಳ್ಳುವ ವಚನ, ದಾಸರ ಪದಗಳಲ್ಲಿ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳುತ್ತದಲ್ಲ, ಹಿಂದಿನ ಸಾಲಿನವನಿಗೂ ಮಾತು ಮುಟ್ಟಬೇಕೆನ್ನುವ ಆಶ್ರಮದ ಪದ್ಧತಿ ಅದರ ಹಿಂದಿದೆ ಎಂದು ನಾನು ನಂಬುತ್ತೇನೆ.

ಸಿನಿಮಾ, ಆಮೇಲೆ ಟೀವಿ ಬಂದು ಕಂಪನಿ ನಾಟಕದ ಗಲ್ಲಾ ಬರಿದಾಯಿತು. ಪುಟ್ಟರಾಜರ ಕೊನೆಯ ದಶಕಗಳಲ್ಲಿ ಟಿಕೆಟ್ಟಿನ ಜಾಗಕ್ಕೆ ತುಲಾಭಾರ ಬಂತು. ಭಕ್ತರು ಊರೂರಿಗೆ ಕರೆಸಿ ಅವರನ್ನು ತಕ್ಕಡಿಯಲ್ಲಿ ಕೂರಿಸಿ ತೂಗಿದರು. ಬಂದದ್ದೆಲ್ಲ ಮಕ್ಕಳ ಪಾಲಿಗೆ. 1995ರ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ ಚಿತ್ರ ಹಂಸಲೇಖ ಅವರಿಗೂ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ತಂದು ಗುರುಗಳ ಹೆಸರನ್ನು ಮನೆಮನೆಗೆ ಮುಟ್ಟಿಸಿತು. 2010ರಲ್ಲಿ ಪುಟ್ಟರಾಜರಿಗೆ ಪದ್ಮಭೂಷಣ ಬಂತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು. 66 ವರ್ಷ ಆ ಮನೆಯನ್ನು ನಡೆಸಿದ್ದರು.

ಒಬ್ಬ ಗುರುವಿನ ದುಡಿಮೆಯ ಮೇಲೆ ನಿಂತ ಮುಂಬೈಯ ಮನೆ ಸಾಲಕ್ಕೆ ಬಿದ್ದಿತು. ಗದಗಿನ ಮನೆ ಉಳಿಯಿತು. ಅಲ್ಲಿ ಒಲೆ ಉರಿದದ್ದು ಒಬ್ಬರ ಕೊರಳಿಂದಲ್ಲ, ನಾಲ್ಕಾಣೆ ಕೊಟ್ಟು ನಾಟಕ ನೋಡಿದ ರೈತನಿಂದ, ಜೋಳದ ಚೀಲ ಇಳಿಸಿ ಹೋದ ಭಕ್ತನಿಂದ, ಪೇಟಿ ಹಿಡಿದ ಹುಡುಗನಿಂದ. ನಮ್ಮ ಊರುಗಳಲ್ಲಿ ಮಕ್ಕಳನ್ನು ಸಂಗೀತದ ತರಗತಿಗೆ ಕಳಿಸುವಾಗ ನಾವು ಪರೀಕ್ಷೆ ಯಾವುದು, ಫೀಸು ಎಷ್ಟು ಎಂದು ಕೇಳುತ್ತೇವೆ. ಇನ್ನೊಂದು ಪ್ರಶ್ನೆಯನ್ನೂ ಕೇಳಬಹುದು. ನನ್ನ ಮಗು ಮೊದಲ ಸಲ ಜನರ ಮುಂದೆ ಹಾಡುವ ದಿನ, ತಬಲಾಕ್ಕೆ ಯಾರು ಕೂರುತ್ತಾರೆ?